ಚೀಪಲಾರದ ಕೂಸಿಗೆ ಹಾಲೂಡಿದ ಕಥೆ

ಹುಟ್ಟಿದ ಕೂಸಿಗೆ ಹಾಲು ಕುಡಿಯುವುದನ್ನು ಯಾರೂ ಕಲಿಸುವುದಿಲ್ಲ. ಕಣ್ಣು ಸರಿಯಾಗಿ ಬಿಡುವ ಮೊದಲೇ ಅದು ತಾಯಿಯ ಎದೆಯನ್ನು ಹುಡುಕುತ್ತದೆ. ಬಾಯಿಗೆ ಸಿಕ್ಕಿದೊಡನೆ ಚೀಪತೊಡಗುತ್ತದೆ. ಇದು ಪ್ರಕೃತಿ ಕೊಟ್ಟು ಕಳಿಸಿದ ವಿದ್ಯೆ ಎಂದು ಎಲ್ಲರೂ ತಿಳಿದಿರುವುದರಿಂದ ಅದರ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಆದರೆ ಈ ವಿದ್ಯೆ ಎಲ್ಲ ಕೂಸುಗಳಿಗೂ ಸಮನಾಗಿ ದಕ್ಕಿರುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಅನೇಕ ಶಿಶುಗಳು ಎದೆಗೆ ಹಚ್ಚಿದರೂ ಚೀಪಲಾರವು. ಸೀಸೆ ಕೊಟ್ಟರೂ ಹಾಲು ತುಟಿಯ ಅಂಚಿನಿಂದ ಸೋರಿಹೋಗುತ್ತದೆ. ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಸುಸ್ತಾಗಿ ನಿದ್ದೆಹೋಗುತ್ತವೆ. ಸರಿಸುಮಾರು 800 ಹೆರಿಗೆಗಳಿಗೆ ಒಂದರಂತೆ ಇಂಥ ಮಕ್ಕಳು ಜಗತ್ತಿನ ಎಲ್ಲ ದೇಶಗಳಲ್ಲಿ, ಎಲ್ಲ ಜನಾಂಗಗಳಲ್ಲಿ ಹುಟ್ಟುತ್ತಾರೆ.

ಚೀಪಲಾರದ ಕೂಸಿಗೆ ಹಾಲೂಡುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಬಾಣಂತಿಯ ಕೋಣೆಗೆ ಸೇರಿದ್ದು. ಆದರೆ ಅದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಮಣ್ಣಿನ ಕುಡಿಕೆ, ಕಂಚಿನ ಒಳಲೆ, ಗಾಜಿನ ಸೀಸೆ, ರಬ್ಬರಿನ ತೊಟ್ಟು ಬಂದುಹೋಗುತ್ತವೆ. ವೈದ್ಯರು, ನ್ಯಾಯಾಲಯಗಳು, ಸಂಸತ್ತುಗಳೂ ಬರುತ್ತವೆ. ಯಾವ ಕೂಸು ಬದುಕಲು ತಕ್ಕದ್ದು, ಯಾವುದಲ್ಲ ಎಂಬ ಕಠೋರ ಪ್ರಶ್ನೆಯೂ ಅದರ ನಡುವೆ ಹಾದುಹೋಗುತ್ತದೆ.

ಚೀಪುವ ಕೆಲಸದ ಒಳಗು

ಹಾಲು ಕುಡಿಯುವುದು ನೋಡಲು ಸರಳ; ಬಾಯೊಳಗೆ ನಡೆಯುವ ಕೆಲಸ ಜಟಿಲ. ಮೊದಲು ತುಟಿಗಳು ತೊಟ್ಟಿನ ಸುತ್ತ ಗಾಳಿ ನುಸುಳದಂತೆ ಬಿಗಿಯಾಗಿ ಕೂರಬೇಕು. ನಾಲಿಗೆ ದೊನ್ನೆಯಂತೆ ತಗ್ಗಾಗಿ ತೊಟ್ಟನ್ನು ಹಿಡಿದು, ಮುಂದಿನಿಂದ ಹಿಂದಕ್ಕೆ ಅಲೆಯಂತೆ ಚಲಿಸಬೇಕು. ದವಡೆ ಕೆಳಗಿಳಿದಾಗ ಬಾಯೊಳಗಿನ ಒತ್ತಡ ಕಡಿಮೆಯಾಗಿ ಹಾಲು ಒಳಕ್ಕೆ ಹರಿಯುತ್ತದೆ. ಅದು ಗಂಟಲಿಗೆ ಬಂದಾಗ ಉಸಿರು ಕ್ಷಣಕಾಲ ನಿಂತು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಚೀಪು, ನುಂಗು, ಉಸಿರಾಡು ಎಂಬ ಈ ಮೂರು ತಾಳ ಒಂದರ ಹಿಂದೊಂದು ತಪ್ಪದೆ ಬೀಳಬೇಕು. ತಾಳ ತಪ್ಪಿದರೆ ಹಾಲು ನೆತ್ತಿಗೇರುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ.

ಡೌನ್ ಸಿಂಡ್ರೋಮ್ ಇರುವ ಕೂಸಿನಲ್ಲಿ ಸ್ನಾಯುಗಳ ಬಿಗಿ ಹುಟ್ಟಿನಿಂದಲೇ ಕಡಿಮೆ. ಎತ್ತಿಕೊಂಡರೆ ಕೈಯಿಂದ ಜಾರುವಂತೆ ಅದು ಮೆತ್ತಗಿರುತ್ತದೆ. ಇದೇ ಸಡಿಲತೆ ತುಟಿ, ಕೆನ್ನೆ, ನಾಲಿಗೆ, ದವಡೆಗಳಲ್ಲಿಯೂ ಇರುವುದರಿಂದ ತುಟಿ ಬಿಗಿಯಾಗಿ ಕೂರುವುದಿಲ್ಲ, ನಾಲಿಗೆ ದೊನ್ನೆಯಾಗುವುದಿಲ್ಲ. ನಾಲಿಗೆ ದೊಡ್ಡದಾಗಿ ಹೊರಚಾಚಿದಂತೆ ಕಾಣುತ್ತದೆ. ಹೆಚ್ಚಿನ ಮಕ್ಕಳಲ್ಲಿ ನಾಲಿಗೆ ದೊಡ್ಡದೇನಲ್ಲ, ಅದು ಇರಬೇಕಾದ ಬಾಯಿಯ ಗೂಡೇ ಚಿಕ್ಕದು. 2001ರಲ್ಲಿ ಪ್ರಕಟವಾದ ಜಪಾನಿನ ಇಬ್ಬರು ವೈದ್ಯರ ಅಧ್ಯಯನವೊಂದು ಇಂಥ ಶಿಶುಗಳು ಸೀಸೆಯನ್ನು ಚೀಪುವ ಒತ್ತಡವನ್ನೇ ಅಳೆದು ನೋಡಿತು. ಒತ್ತಡ ದುರ್ಬಲವಾಗಿತ್ತು, ನಾಲಿಗೆಯ ಅಲೆಯೂ ಸರಿಯಿರಲಿಲ್ಲ. ಆದರೆ ತಿಂಗಳುಗಳು ಕಳೆದಂತೆ ಚೀಪುವ ಶಕ್ತಿ ಸುಧಾರಿಸಿತು.

ಇದರೊಂದಿಗೆ ಇನ್ನೂ ಕೆಲವು ತೊಡಕುಗಳಿವೆ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟುವಾಗಲೇ ಹೃದಯದ ದೋಷವಿರುತ್ತದೆ. ಅಂಥ ಕೂಸಿಗೆ ಹಾಲು ಕುಡಿಯುವುದೇ ಗುಡ್ಡ ಹತ್ತಿದಷ್ಟು ಶ್ರಮ. ಹಣೆ ಬೆವರುತ್ತದೆ, ಉಸಿರು ವೇಗವಾಗುತ್ತದೆ. ಕೆಲವು ಮಕ್ಕಳಲ್ಲಿ ಜಠರದ ಮುಂದಿನ ಕರುಳು ಮುಚ್ಚಿಕೊಂಡಿರುತ್ತದೆ. ಶಸ್ತ್ರಚಿಕಿತ್ಸೆಯಾಗದೆ ಒಂದು ಹನಿ ಹಾಲೂ ಮುಂದಕ್ಕೆ ಹೋಗದು. ಇನ್ನು ಕೆಲವರಲ್ಲಿ ಹಾಲು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲವಾದ್ದರಿಂದ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಮಾಧಿಗಳು ಹೇಳುವ ಸಾಕ್ಷ್ಯ

ಇಂಥ ಮಕ್ಕಳು ಇಂದು ನಿನ್ನೆ ಹುಟ್ಟಲು ತೊಡಗಿದವರಲ್ಲ. ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಪೌಲ್ನಾಬ್ರೋನ್ ಎಂಬಲ್ಲಿ ಹಾಸುಬಂಡೆಗಳಿಂದ ಕಟ್ಟಿದ ನವಶಿಲಾಯುಗದ ಗೋರಿಯೊಂದಿದೆ. ಅಲ್ಲಿ ದೊರೆತ ಎಲುಬುಗಳ ವಂಶವಾಹಿ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸುಮಾರು ಐದೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ಹೂಳಲಾಗಿದ್ದ, ಆರು ತಿಂಗಳ ಆಸುಪಾಸಿನ ಗಂಡುಕೂಸೊಂದರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿದ್ದುದು ಕಂಡುಬಂತು. ಡೌನ್ ಸಿಂಡ್ರೋಮ್ ಎಂದರೆ ಇದೇ. ಮೂಳೆಯಲ್ಲಿನ ಸಾರಜನಕದ ಐಸೊಟೋಪುಗಳನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಆ ಕೂಸು ತಾಯಿಯ ಹಾಲು ಕುಡಿದಿತ್ತು.

ವೈದ್ಯವಿದ್ಯೆಯೆಂಬುದೇ ಇಲ್ಲದ ಕಾಲದಲ್ಲಿ ಚೀಪಲು ಕಷ್ಟಪಡುವ ಕೂಸನ್ನು ತಿಂಗಳುಗಟ್ಟಲೆ ಎದೆಹಾಲಿನಲ್ಲಿ ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ಊರಿನ ಪ್ರಮುಖರ ಜೊತೆ ಅದಕ್ಕೂ ಕಲ್ಲುಗೋರಿಯಲ್ಲಿ ಜಾಗ ದೊರೆತದ್ದೂ ಗಮನಾರ್ಹ. 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಯೂರೋಪಿನ ಬೇರೆ ಬೇರೆ ಕಡೆಯ ಸಮಾಧಿಗಳಲ್ಲಿ ಡೌನ್ ಸಿಂಡ್ರೋಮ್ ಇದ್ದ ಆರು ಮಕ್ಕಳನ್ನು ಗುರುತಿಸಿತು. ಅವರಲ್ಲಿ ಹೆಚ್ಚಿನವರು ಹುಟ್ಟುವ ಮುನ್ನ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲೇ ತೀರಿಕೊಂಡವರು. ಸ್ಪೇನಿನ ಕಬ್ಬಿಣಯುಗದ ಊರುಗಳಲ್ಲಿ ಅಂಥ ಕೂಸುಗಳನ್ನು ಮನೆಯ ನೆಲದಡಿಯಲ್ಲೇ ಹೂಳಲಾಗಿತ್ತು.

ತಾಯಿಯ ಎದೆ ಸಾಲದಾದಾಗ ಪ್ರಾಚೀನರು ಏನು ಮಾಡುತ್ತಿದ್ದರು? ಜರ್ಮನಿಯ ಬವೇರಿಯಾ ಪ್ರಾಂತದ ಮಕ್ಕಳ ಗೋರಿಗಳಲ್ಲಿ ಸಣ್ಣ ಮೂತಿಯಿರುವ ಮಣ್ಣಿನ ಕುಡಿಕೆಗಳು ಸಿಕ್ಕಿವೆ. ಅವು ಕಂಚಿನ ಯುಗ ಮತ್ತು ಕಬ್ಬಿಣಯುಗಕ್ಕೆ ಸೇರಿದವು. ಕುಡಿಕೆಗಳ ಒಳಗೋಡೆಗೆ ಅಂಟಿದ್ದ ಜಿಡ್ಡನ್ನು ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದರು. ಅದು ಮೆಲುಕು ಹಾಕುವ ಪ್ರಾಣಿಗಳ ಹಾಲಿನದು ಎಂದು 2019ರಲ್ಲಿ ಖಚಿತವಾಯಿತು. ಹಾಲಿನ ಸೀಸೆಯ ಪೂರ್ವಜರು ಹೀಗೆ ಸುಮಾರು ಮೂರು ಸಾವಿರ ವರ್ಷ ಹಿಂದಿನವರು.

ದಾದಿ ಮತ್ತು ಒಳಲೆ

ಭಾರತದಲ್ಲಿ ತಾಯಿಯ ಹಾಲಿಗೆ ಬದಲಿಯಾಗಿ ಮೊದಲು ನೆನಪಾಗುತ್ತಿದ್ದವಳು ದಾದಿ. ಚರಕ, ಸುಶ್ರುತರ ಗ್ರಂಥಗಳು ಎಂಥವಳನ್ನು ಧಾತ್ರಿಯಾಗಿ ಆರಿಸಬೇಕು, ಆಕೆಯ ಹಾಲು ಹೇಗಿರಬೇಕು ಎಂಬುದನ್ನು ವಿವರವಾಗಿ ಹೇಳುತ್ತವೆ. ಆದರೆ ದಾದಿಯ ಎದೆಯನ್ನೂ ಕೂಸು ಚೀಪಲೇಬೇಕಷ್ಟೆ. ಚೀಪಲಾರದ ಕೂಸಿಗೆ ದಕ್ಷಿಣದ ಮನೆಗಳಲ್ಲಿದ್ದ ಉತ್ತರ ಒಳಲೆ.

ಕನ್ನಡನಾಡಿನ ಹಳೆಯ ಮನೆಗಳಲ್ಲಿ ಒಳಲೆಯನ್ನು ಕಾಣದವರು ಕಡಿಮೆ. ಅಂಗೈಯಲ್ಲಿ ಅಡಗುವ ಸಣ್ಣ ಬಟ್ಟಲು. ಒಂದು ಕಡೆ ಉದ್ದಕ್ಕೆ ಚಾಚಿದ, ಮೇಲೆ ತೆರೆದ ಮೂತಿ. ಉಳ್ಳವರಲ್ಲಿ ಬೆಳ್ಳಿಯದು, ಉಳಿದವರಲ್ಲಿ ಕಂಚಿನದೋ ಹಿತ್ತಾಳೆಯದೋ. ಮೊಮ್ಮಗು ಹುಟ್ಟಿತೆಂದರೆ ಅಜ್ಜಿ ಅಟ್ಟದ ಪೆಟ್ಟಿಗೆಯಿಂದ ಅದನ್ನು ತೆಗೆದು, ಹುಣಿಸೆಹಣ್ಣು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದಿಡುತ್ತಿದ್ದಳು. ತಮಿಳರಲ್ಲಿ ಇದೇ ಪಾತ್ರೆಗೆ ಪಾಲಾಡೈ ಎಂಬ ಹೆಸರು. ಒಳಲೆಯ ಮೂತಿಯನ್ನು ಕೂಸಿನ ಕೆಳತುಟಿಯ ಮೇಲೆ ಇರಿಸಿ ಮೆಲ್ಲಗೆ ಬಾಗಿಸಿದರೆ ಹಾಲು ತೊಟ್ಟುತೊಟ್ಟಾಗಿ ಬಾಯಿಗೆ ಇಳಿಯುತ್ತದೆ. ಕೂಸು ಚೀಪಬೇಕಿಲ್ಲ, ನುಂಗಿದರೆ ಸಾಕು.

ಒಳಲೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆಂದೇ ಹುಟ್ಟಿದ್ದಲ್ಲ. ದಿನ ತುಂಬದೆ ಹುಟ್ಟಿದ ಕೂಸಿಗೂ, ತಾಯಿ ಕಾಯಿಲೆ ಬಿದ್ದಾಗ ಉಳಿದ ಕೂಸಿಗೂ, ಹರಳೆಣ್ಣೆ ಕುಡಿಸುವುದಕ್ಕೂ ಅದೇ ಆಗಬೇಕು. ಆದರೆ ಅದರ ಒಂದು ಗುಣವನ್ನು ಗಮನಿಸಬೇಕು. ಒಳಲೆ ತಾನಾಗಿ ಹಾಲೂಡುವುದಿಲ್ಲ. ಒಬ್ಬರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಖವನ್ನೇ ನೋಡುತ್ತ ಹೊತ್ತು ಕಳೆಯಲೇಬೇಕು. ಯೂರೋಪಿನ ಸೀಸೆ ಮುಂದೆ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ.

ಕೈ ಬೇಡದ ಸೀಸೆ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಎದೆಹಾಲಿಲ್ಲದ ಮಕ್ಕಳಿಗೆ ದೋಣಿಯಾಕಾರದ ಪಿಂಗಾಣಿ ಬಟ್ಟಲಿನಲ್ಲಿ ಬ್ರೆಡ್ಡು, ಹಾಲು ಕಲಸಿದ ಗಂಜಿಯನ್ನು ಉಣಿಸುತ್ತಿದ್ದರು. 1770ರ ಸುಮಾರಿಗೆ ಲಂಡನ್ನಿನ ವೈದ್ಯ ಹ್ಯೂ ಸ್ಮಿತ್ ಕಾಫಿ ಕುಡಿಕೆಯನ್ನು ಹೋಲುವ ಲೋಹದ ಪಾತ್ರೆಯೊಂದನ್ನು ರೂಪಿಸಿದ. ಅದರ ಮೂತಿಯ ತುದಿಗೆ ಬಟ್ಟೆ ಕಟ್ಟಿದರೆ ಕೂಸು ಅದನ್ನು ಚೀಪಬಹುದಿತ್ತು. ಬಟ್ಟೆ, ಚರ್ಮ, ಸ್ಪಂಜುಗಳ ಕಾಲ ಮುಗಿಯತೊಡಗಿದ್ದು 1845ರಲ್ಲಿ. ಆ ವರ್ಷ ನ್ಯೂಯಾರ್ಕಿನ ಎಲೈಜಾ ಪ್ರ್ಯಾಟ್ ಎಂಬಾತ ರಬ್ಬರಿನ ತೊಟ್ಟಿಗೆ ಪೇಟೆಂಟ್ ಪಡೆದ.

ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಬಹು ಜನಪ್ರಿಯವಾದದ್ದು ಉದ್ದ ಕೊಳವೆಯ ಸೀಸೆ. ಗಾಜಿನ ಬುರುಡೆ, ಅದರಿಂದ ಹೊರಟ ರಬ್ಬರ್ ಕೊಳವೆ, ಕೊಳವೆಯ ತುದಿಗೆ ತೊಟ್ಟು. ಸೀಸೆಯನ್ನು ತೊಟ್ಟಿಲಲ್ಲಿಟ್ಟು ತೊಟ್ಟನ್ನು ಬಾಯಿಗಿಟ್ಟರೆ ಸಾಕು, ಕೂಸು ತಾನಾಗಿಯೇ ಕುಡಿಯುತ್ತಿತ್ತು. ತಾಯಿ ಕಾರ್ಖಾನೆಗೆ ಹೋಗಬಹುದಿತ್ತು, ಮನೆಗೆಲಸ ಮಾಡಬಹುದಿತ್ತು. ಆದರೆ ಕೊಳವೆಯ ಒಳಗನ್ನು ತೊಳೆಯುವ ಉಪಾಯವೇ ಇರಲಿಲ್ಲ. ಒಡೆದ ಹಾಲಿನ ಪದರಗಳಲ್ಲಿ ರೋಗಾಣುಗಳು ಬೆಳೆದವು, ಲೆಕ್ಕವಿಲ್ಲದಷ್ಟು ಮಕ್ಕಳು ಭೇದಿಯಿಂದ ಸತ್ತರು. ಜನರೇ ಅದನ್ನು ಕೊಲೆಗಾರ ಸೀಸೆ ಎಂದು ಕರೆದರು. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಎರಡೂ ತುದಿ ತೆರೆದಿರುವ, ಸುಲಭವಾಗಿ ತೊಳೆಯಬಹುದಾದ ದೋಣಿಯಾಕಾರದ ಸೀಸೆಗಳು ಬಂದಿದ್ದವು.

ಗಟ್ಟಿಯಾಗಿ ಚೀಪಬಲ್ಲ ಮಕ್ಕಳೇ ಈ ಸೀಸೆಗಳಿಂದ ಇಷ್ಟು ಕಷ್ಟಪಟ್ಟಿರುವಾಗ ಚೀಪಲಾರದವರ ಪಾಡೇನು? ಉದ್ದ ಕೊಳವೆಯಿಂದ ಹಾಲನ್ನು ಮೇಲಕ್ಕೆ ಎಳೆಯಲು ಬೇಕಾದ ಬಲ ಅವರಲ್ಲಿರಲಿಲ್ಲ.

ಡೌನ್ ಕಂಡವರು, ಕಾಣದವರು

ಕೊಳವೆಯ ಸೀಸೆ ಮನೆಮನೆಗೆ ಹೊಕ್ಕ ಕಾಲದಲ್ಲಿಯೇ, 1866ರಲ್ಲಿ, ಜಾನ್ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯ ತನ್ನ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ. ಆತ ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಪ್ರಾಂತದ ಅರ್ಲ್ಸ್‌ವುಡ್ ಆಶ್ರಮದ ವೈದ್ಯಾಧಿಕಾರಿ. ಅಲ್ಲಿದ್ದ ಹಲವರ ಮುಖ, ಕಣ್ಣು, ಮೈಕಟ್ಟು ಒಂದನ್ನೊಂದು ಹೋಲುವುದನ್ನು ಆತ ಗುರುತಿಸಿದ. ಅವರ ನಾಲಿಗೆ ಉದ್ದ, ದಪ್ಪ, ಒರಟು ಎಂದೂ, ಅವರಿಗೆ ಆಯುಷ್ಯ ಕಡಿಮೆ ಎಂದೂ ಬರೆದ. ಆದರೆ ಅವರನ್ನು ಮಂಗೋಲಿಯದ ಜನರಿಗೆ ಹೋಲಿಸಿ ಆತ ಕೊಟ್ಟ ಹೆಸರು ಒಂದು ಶತಮಾನದ ಕಾಲ ಆ ಮಕ್ಕಳಿಗೂ ಒಂದು ಇಡೀ ಜನಾಂಗಕ್ಕೂ ಅವಮಾನವಾಗಿ ಉಳಿಯಿತು. 1961ರಲ್ಲಿ ವಿಜ್ಞಾನಿಗಳು ಲ್ಯಾನ್ಸೆಟ್ ಪತ್ರಿಕೆಗೆ ಬರೆದು ಆ ಹೆಸರನ್ನು ಕೈಬಿಡಬೇಕೆಂದು ಕೋರಿದರು. 1965ರಲ್ಲಿ ಮಂಗೋಲಿಯ ದೇಶವೇ ವಿಶ್ವ ಆರೋಗ್ಯ ಸಂಸ್ಥೆಯೆದುರು ಆಕ್ಷೇಪವೆತ್ತಿತು. ಅದಾದ ಮೇಲೆ ಹಳೆಯ ಹೆಸರು ಮರೆಯಾಗುತ್ತ ಬಂತು.

ಡೌನ್ ಕಂಡದ್ದು ಶೈಶವವನ್ನು ದಾಟಿ ಆಶ್ರಮ ಸೇರಿದವರನ್ನು. ಹಾಲು ಕುಡಿಯಲಾರದೆ ತೊಟ್ಟಿಲಲ್ಲೇ ಕೊನೆಯುಸಿರೆಳೆದವರು ಆತನ ಲೆಕ್ಕಕ್ಕೆ ಸಿಗಲಿಲ್ಲ. ಬದುಕಿದವರೂ ಹೆಚ್ಚು ಕಾಲ ಬಾಳುತ್ತಿರಲಿಲ್ಲ. 1929ರಲ್ಲಿ ಇಂಥವರ ಸರಾಸರಿ ಆಯುಷ್ಯ ಸುಮಾರು 9 ವರ್ಷ ಮಾತ್ರ ಎಂದು ಲೆಕ್ಕ ಹಾಕಲಾಗಿತ್ತು. ಹೃದಯದ ದೋಷಕ್ಕೆ ಆಗ ಶಸ್ತ್ರಚಿಕಿತ್ಸೆಯಿರಲಿಲ್ಲ. ಸೋಂಕು ತಗುಲಿದರೆ ಪ್ರತಿಜೀವಕ ಔಷಧಗಳಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಮೆರಿಕ, ಬ್ರಿಟನ್‌ಗಳಲ್ಲಿ ವೈದ್ಯರು ಕೊಡುತ್ತಿದ್ದ ಸಲಹೆ ಒಂದೇ: ತಾಯಿಗೆ ಮಮತೆ ಬೆಳೆಯುವ ಮೊದಲೇ ಕೂಸನ್ನು ಆಶ್ರಮಕ್ಕೆ ಕಳಿಸಿಬಿಡಿ. ಅಮೆರಿಕದ ಮನೆಮನೆಯಲ್ಲಿ ಓದುತ್ತಿದ್ದ ಬೆಂಜಮಿನ್ ಸ್ಪಾಕ್‌ನ ಶಿಶುಪಾಲನೆಯ ಪುಸ್ತಕದ 1946ರ ಮೊದಲ ಆವೃತ್ತಿಯಲ್ಲಿಯೂ ಇದೇ ಧಾಟಿಯ ಮಾತಿತ್ತು. ತಾಯಿಯಿಂದ ಬೇರ್ಪಟ್ಟ ಕೂಸಿಗೆ ಎದೆಹಾಲು ಸಿಗುವ ಮಾತೇ ಇಲ್ಲ. ಒಂದು ಸೀಸೆ ಕುಡಿಸಲು ಒಂದು ಗಂಟೆ ಹಿಡಿಯುವ ಕೂಸಿನ ಬಳಿ ಕೂರಲು ಹತ್ತಾರು ತೊಟ್ಟಿಲು ನೋಡಿಕೊಳ್ಳುವ ನರ್ಸಿಗೆ ಪುರಸೊತ್ತೆಲ್ಲಿಂದ ಬರಬೇಕು?

ಹಾಲು ಕೊಡಬೇಕೇ ಎಂಬ ಪ್ರಶ್ನೆ

ಇದಕ್ಕಿಂತ ದಾರುಣವಾದ ಅಧ್ಯಾಯವೂ ಉಂಟು. ಕರುಳು ಮುಚ್ಚಿಕೊಂಡಿದ್ದ ಡೌನ್ ಸಿಂಡ್ರೋಮ್ ಕೂಸೊಂದಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತಂದೆತಾಯಿ ಶಸ್ತ್ರಚಿಕಿತ್ಸೆ ಬೇಡವೆಂದರು. ಆ ಶಸ್ತ್ರಚಿಕಿತ್ಸೆ ಕಠಿಣವಾದದ್ದೇನಲ್ಲ. ಬೇರೆ ಮಗುವಾಗಿದ್ದರೆ ಯಾರೂ ಹಿಂದುಮುಂದು ನೋಡುತ್ತಿರಲಿಲ್ಲ. ಕೂಸು ಸುಮಾರು ಎರಡು ವಾರ ಹಸಿದು ಸತ್ತಿತು. ಈ ಪ್ರಸಂಗವನ್ನು ಆಧರಿಸಿ 1971ರಲ್ಲಿ ತಯಾರಾದ ಚಿತ್ರವೊಂದು ವೈದ್ಯಲೋಕದ ಆತ್ಮಸಾಕ್ಷಿಯನ್ನು ಕಲಕಿತು.

1981ರಲ್ಲಿ ಬ್ರಿಟನ್ನಿನಲ್ಲಿ ಅಂಥದೇ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಈ ಬಾರಿ ಮೇಲ್ಮನವಿ ನ್ಯಾಯಾಲಯ ತಂದೆತಾಯಿಯ ಇಷ್ಟಕ್ಕೆ ವಿರುದ್ಧವಾಗಿ ಶಸ್ತ್ರಚಿಕಿತ್ಸೆ ನಡೆಯಲಿ ಎಂದು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮತ್ತೊಂದು ತೀರ್ಪು ಬಂತು. ತಾಯಿ ಬೇಡವೆಂದ ಡೌನ್ ಸಿಂಡ್ರೋಮ್ ಕೂಸಿಗೆ ಹಾಲಿನ ಬದಲು ನೀರನ್ನೂ, ಮಂಪರು ತರುವ ಔಷಧವನ್ನೂ ಕೊಡುವಂತೆ ಸೂಚಿಸಿದ್ದ ಡರ್ಬಿಯ ಹಿರಿಯ ಮಕ್ಕಳ ವೈದ್ಯರೊಬ್ಬರನ್ನು ಜ್ಯೂರಿ ನಿರ್ದೋಷಿ ಎಂದು ಸಾರಿತು. ಒಂದೇ ದೇಶ, ಒಂದೇ ವರ್ಷ. ಎರಡು ತೀರ್ಪುಗಳು ಎರಡು ದಿಕ್ಕಿಗೆ ಮುಖ ಮಾಡಿದ್ದವು.

ಮರುವರ್ಷ, 1982ರ ಏಪ್ರಿಲ್ 9ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ ಗಂಡುಕೂಸೊಂದು ಹುಟ್ಟಿತು. ಡೌನ್ ಸಿಂಡ್ರೋಮ್ ಜೊತೆಗೆ ಅದರ ಅನ್ನನಾಳವೂ ಜಠರಕ್ಕೆ ಕೂಡಿರಲಿಲ್ಲ. ಶಸ್ತ್ರಚಿಕಿತ್ಸೆಗೆ ತಂದೆತಾಯಿ ಒಪ್ಪಲಿಲ್ಲ. ರಾಜ್ಯದ ನ್ಯಾಯಾಲಯಗಳು ಮಧ್ಯೆ ಬರಲು ನಿರಾಕರಿಸಿದವು. ವಕೀಲರು ದೇಶದ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಲು ಹೊರಟಿರುವಾಗಲೇ, ಏಪ್ರಿಲ್ 15ರಂದು, ಕೂಸು ತೀರಿಕೊಂಡಿತು. ನ್ಯಾಯಾಲಯದ ಕಡತದಲ್ಲಿ ಅದರ ಹೆಸರು ಬೇಬಿ ಡೋ ಎಂದಷ್ಟೇ ಇದೆ. ಇದರಿಂದ ಎದ್ದ ಕೋಲಾಹಲದ ಫಲವಾಗಿ 1984ರಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕಾನೂನನ್ನು ತಿದ್ದಿತು. ಉಳಿಸಲಾಗದ ಶಿಶುವಿಗೆ ಚಿಕಿತ್ಸೆ ಕೈಬಿಡಬಹುದಾದ ಸಂದರ್ಭಗಳನ್ನು ಅದು ಹೇಳುತ್ತದೆ. ಆದರೆ ಆಗಲೂ ತಕ್ಕ ಆಹಾರ, ನೀರು, ಔಷಧಗಳನ್ನು ತಪ್ಪಿಸಕೂಡದು ಎನ್ನುತ್ತದೆ. ಕೂಸಿಗೆ ಹಾಲು ಕೊಡಬೇಕು ಎಂಬ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತು.

ನಾಲಿಗೆಯಲ್ಲ, ಹಿಡಿತ

ಈ ವೇಳೆಗೆ ಸನ್ನಿವೇಶ ಬದಲಾಗತೊಡಗಿತ್ತು. 1959ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೇ, ರೇಮೊಂ ಟರ್ಪಿನ್ ಅವರು ಹೆಚ್ಚುವರಿ ವರ್ಣತಂತುವನ್ನು ಗುರುತಿಸಿದ್ದರು. ಇದು ಯಾರ ಪಾಪದ ಫಲವೂ ಅಲ್ಲ, ತಾಯಿಯ ತಪ್ಪೂ ಅಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ಮಕ್ಕಳನ್ನು ಮನೆಯಲ್ಲೇ ಬೆಳೆಸುವ ತಂದೆತಾಯಿಯರು ಹೆಚ್ಚಿದರು. ಹಾಲೂಡುವ ಕಷ್ಟಕ್ಕೆ ಉಪಾಯಗಳು ಹುಟ್ಟಿದ್ದು ಅವರ ಒತ್ತಾಯದಿಂದಲೇ.

ಎಲ್ಲ ಉಪಾಯಗಳೂ ಸರಿಯಾಗಿರಲಿಲ್ಲ. 1980ರ ದಶಕದಲ್ಲಿ ಹಲವು ದೇಶಗಳಲ್ಲಿ ಇಂಥ ಮಕ್ಕಳ ನಾಲಿಗೆಯನ್ನು ಶಸ್ತ್ರಚಿಕಿತ್ಸೆಯಿಂದ ಕಿರಿದಾಗಿಸುವ ಪದ್ಧತಿ ಚಾಲ್ತಿಗೆ ಬಂತು. ನಾಲಿಗೆ ಚಿಕ್ಕದಾದರೆ ಮಾತೂ ಸ್ಪಷ್ಟವಾಗುತ್ತದೆ ಎಂಬ ಆಸೆ ಅದರ ಹಿಂದಿತ್ತು. ಆದರೆ ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆಗಳಲ್ಲಿ ಮಾತು ಸುಧಾರಿಸಿದ್ದು ಕಾಣಲಿಲ್ಲ. ತೊಂದರೆ ಇದ್ದದ್ದು ನಾಲಿಗೆಯ ಗಾತ್ರದಲ್ಲಲ್ಲ, ಅದರ ಸ್ನಾಯುಗಳ ಹಿಡಿತದಲ್ಲಿ.

ಸಫಲವಾದ ಉಪಾಯಗಳು ತೀರ ಸರಳ. ಅಮೆರಿಕದಲ್ಲಿ ಸಾರಾ ಡ್ಯಾನರ್ ಎಂಬ ನರ್ಸ್ ಮತ್ತು ಎಡ್ವರ್ಡ್ ಸೆರುಟಿ ಎಂಬ ವೈದ್ಯರು 1980ರ ದಶಕದಲ್ಲಿ ಬಳಕೆಗೆ ತಂದ ಕೈಹಿಡಿತವೊಂದಕ್ಕೆ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಡ್ಯಾನ್ಸರ್ ಹಿಡಿತ ಎನ್ನುತ್ತಾರೆ. ತಾಯಿ ಎದೆಯನ್ನು ಅಂಗೈಯಿಂದ ಎತ್ತಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೂಸಿನ ಗಲ್ಲವನ್ನು ಕೂರಿಸಿ, ಎರಡೂ ಕೆನ್ನೆಗಳಿಗೆ ಮೃದುವಾಗಿ ಆಸರೆ ಕೊಡುತ್ತಾಳೆ. ಸಡಿಲ ದವಡೆಗೆ ತಾಯಿಯ ಬೆರಳೇ ಊರೆಗೋಲಾಗುತ್ತದೆ. ಇಂಥ ಮಕ್ಕಳು ಎದೆಹಾಲು ಕುಡಿಯಲಾರರು ಎಂಬ ಹಳೆಯ ನಂಬಿಕೆಯನ್ನು ಎಷ್ಟೋ ತಾಯಂದಿರು ಹೀಗೆ ಸುಳ್ಳು ಮಾಡಿದರು. ಇದರ ಲಾಭ ಹಾಲಿನಷ್ಟಕ್ಕೇ ನಿಲ್ಲುವುದಿಲ್ಲ. ಕಿವಿಯ ಸೋಂಕು, ಶ್ವಾಸಕೋಶದ ಸೋಂಕುಗಳಿಗೆ ಬೇಗ ತುತ್ತಾಗುವ ಈ ಮಕ್ಕಳಿಗೆ ಎದೆಹಾಲಿನ ರಕ್ಷಣೆ ಉಳಿದವರಿಗಿಂತ ಹೆಚ್ಚು ಬೇಕು.

ಸೀಸೆಯೂ ಸುಧಾರಿಸಿತು. ಬ್ರಿಟನ್ನಿನ ಮ್ಯಾಂಡಿ ಹೇಬರ್‌ಮನ್ ಎಂಬ ತಾಯಿಗೆ 1980ರಲ್ಲಿ ಹುಟ್ಟಿದ ಮಗಳು ಸೀಳು ಅಂಗುಳದ ಕಾರಣ ಚೀಪಲಾರದೆ ಒದ್ದಾಡುತ್ತಿದ್ದಳು. ಆ ತಾಯಿ ವರ್ಷಗಟ್ಟಲೆ ಪ್ರಯೋಗ ಮಾಡಿ ಹೊಸ ಬಗೆಯ ಸೀಸೆಯೊಂದನ್ನು ರೂಪಿಸಿದರು. ಸೀಸೆಗೂ ತೊಟ್ಟಿಗೂ ನಡುವೆ ಹಾಲು ಹಿಂದಕ್ಕೆ ಹೋಗದಂತೆ ಒಂದು ಕವಾಟ. ಕೂಸಿನ ತುಟಿ ಸ್ವಲ್ಪ ಅದುಮಿದರೂ ಹಾಲು ಬರುವಂಥ ಮೆತ್ತನೆಯ ಉದ್ದ ತೊಟ್ಟು. ಕೂಸಿಗೆ ಆಗದಿದ್ದಾಗ ತಾಯಿಯೇ ತೊಟ್ಟನ್ನು ಮೆಲ್ಲಗೆ ಒತ್ತಬಹುದು. ಸೀಳು ಅಂಗುಳಕ್ಕೆಂದು ಹುಟ್ಟಿದ ಈ ಸೀಸೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ನೆರವಾಯಿತು.

ಸಾಮಾನ್ಯ ಸೀಸೆಯಲ್ಲಿ ಹಾಲು ಬೇಗ ಬರಲಿ ಎಂದು ರಬ್ಬರ್ ತೊಟ್ಟಿನ ತೂತನ್ನು ಕಾಯಿಸಿದ ಸೂಜಿಯಿಂದ ದೊಡ್ಡದು ಮಾಡುವ ಅಭ್ಯಾಸ ನಮ್ಮಲ್ಲಿಯೂ ಇದೆ. ಚೀಪಲಾರದ ಕೂಸಿಗೆ ಇದರಿಂದ ಅಪಾಯವೇ ಹೆಚ್ಚು. ನುಂಗುವ ತಾಳ ಮೊದಲೇ ಸಡಿಲವಾಗಿರುವಾಗ ಹಾಲು ಧಾರೆಯಾಗಿ ಬಂದರೆ ಅದು ಉಸಿರಿನ ದಾರಿಗೆ ನುಗ್ಗುತ್ತದೆ. ಕೂಸನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಗಲ್ಲಕ್ಕೆ ಆಸರೆ ಕೊಟ್ಟು, ನಡುನಡುವೆ ನಿಲ್ಲಿಸಿ ಉಸಿರಾಡಲು ಬಿಟ್ಟು, ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಕೊಡುವುದೇ ಇಂದಿನ ವೈದ್ಯರ ಸಲಹೆ.

ಸೀಸೆಯ ವಿರುದ್ಧ, ಒಳಲೆಯ ಪರ

ಇಷ್ಟರಲ್ಲಿ ಸೀಸೆಯ ವಿರುದ್ಧವೇ ಜಗತ್ತಿನಾದ್ಯಂತ ಚಳವಳಿ ಎದ್ದಿತ್ತು. 1939ರಲ್ಲಿ ಸಿಂಗಪುರದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಹಾಲಿನ ಡಬ್ಬಿಗಳ ಪ್ರಚಾರವನ್ನು ಕೊಲೆಗೆ ಸಮ ಎಂದು ಖಂಡಿಸಿ ಭಾಷಣ ಮಾಡಿದ್ದರು. 1970ರ ದಶಕದಲ್ಲಿ ಬಡದೇಶಗಳಲ್ಲಿ ಹಾಲಿನ ಪುಡಿ ಮಾರುವ ಕಂಪನಿಗಳ ವಿರುದ್ಧ ಬಹಿಷ್ಕಾರ ನಡೆಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವುಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ರೂಪಿಸಿತು. ಭಾರತದ ಸಂಸತ್ತು 1992ರಲ್ಲಿ ಶಿಶುಹಾಲಿನ ಬದಲಿಗಳು, ಹಾಲಿನ ಸೀಸೆಗಳು ಮತ್ತು ಶಿಶು ಆಹಾರಗಳ ನಿಯಂತ್ರಣಕ್ಕೆ ಕಾಯಿದೆ ಮಾಡಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಸೀಸೆಯ ಜಾಹೀರಾತು ನಮ್ಮಲ್ಲಿ ಅಪರಾಧ.

ಈ ಕಾನೂನು ಲಕ್ಷಾಂತರ ಮಕ್ಕಳ ಹಿತಕ್ಕೆ ಬೇಕಾದದ್ದೇ. ಆದರೆ ಸೀಸೆ ಬೇಡ, ಎದೆಹಾಲೇ ಕೊಡಿ ಎಂಬ ಘೋಷಣೆಯನ್ನು ಚೀಪಲಾರದ ಕೂಸಿನ ತಾಯಿ ಹೇಗೆ ಪಾಲಿಸಬೇಕು? ಹಾಲಿದೆ, ಕೂಸಿದೆ; ನಡುವಿನ ದಾರಿ ಮುಚ್ಚಿದೆ. ತನ್ನಲ್ಲೇ ಏನೋ ಕೊರತೆ ಎಂದು ಆಕೆ ಕೊರಗುತ್ತಾಳೆ. ಇಲ್ಲಿ ನೆರವಿಗೆ ಬಂದದ್ದು ಅಟ್ಟ ಸೇರಿದ್ದ ಒಳಲೆ.

ಭಾರತದ ವೈದ್ಯರು ನವಜಾತ ಶಿಶುಗಳಿಗೆ ಒಳಲೆ, ಬಟ್ಟಲು, ಸೀಸೆ ಈ ಮೂರರಿಂದಲೂ ಹಾಲು ಕುಡಿಸಿ ಹೋಲಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಒಳಲೆಯಿಂದ ಕುಡಿದ ಮಕ್ಕಳು ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಕುಡಿದಿದ್ದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ತೂಕದ ಶಿಶುಗಳ ಪೋಷಣೆಗೆ ಮಾರ್ಗಸೂಚಿ ಹೊರಡಿಸಿತು. ಎದೆಯಿಂದ ನೇರವಾಗಿ ಕುಡಿಯಲಾರದ ಮಕ್ಕಳಿಗೆ ಬಟ್ಟಲು, ಚಮಚೆ ಅಥವಾ ಪಾಲಾಡೈ ಬಳಸಿರಿ ಎಂದು ಅದು ಹೇಳಿತು. ಅಜ್ಜಿಯ ಪೆಟ್ಟಿಗೆಯ ಪಾತ್ರೆ ತನ್ನ ತಮಿಳು ಹೆಸರಿನಲ್ಲಿ ಜಾಗತಿಕ ಸಂಸ್ಥೆಯ ಕಡತಕ್ಕೆ ಸೇರಿತು. ಇಂದು ಆಸ್ಪತ್ರೆಗಳಲ್ಲಿ ಕಂಚಿನ ಬದಲು ಕುದಿಸಿ ಶುದ್ಧಮಾಡಬಹುದಾದ ಸ್ಟೀಲಿನ ಒಳಲೆಗಳು ಬಳಕೆಯಲ್ಲಿವೆ. ತಾಯಿ ತನ್ನ ಹಾಲನ್ನು ಹಿಂಡಿ ಒಳಲೆಗೆ ತುಂಬಿದರೆ ಎದೆಹಾಲೂ ತಪ್ಪುವುದಿಲ್ಲ, ಸೀಸೆಯೂ ಬೇಕಾಗುವುದಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಬಾಯಿಗೆ ಎಣ್ಣೆಯನ್ನೋ ತುಪ್ಪವನ್ನೋ ಸುರಿಯುವ ಪದ್ಧತಿಯಿಂದ ಜಿಡ್ಡು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದ ಮಕ್ಕಳನ್ನು ದಕ್ಷಿಣ ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನುಂಗುವ ಶಕ್ತಿಯೇ ಕುಂದಿರುವ ಡೌನ್ ಸಿಂಡ್ರೋಮ್ ಕೂಸಿಗೆ ಒಳಲೆಯಿಂದ ಸುರಿಯುವುದು ಇನ್ನೂ ಅಪಾಯ. ಮೂತಿ ತುಟಿಯ ಮೇಲಿರಬೇಕು, ಗಂಟಲಿನಲ್ಲಲ್ಲ. ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ಕುಡಿಯುವಾಗ ಬೆವರುವ, ನೀಲಿಗಟ್ಟುವ, ಪದೇಪದೇ ನ್ಯುಮೋನಿಯಾಕ್ಕೆ ಒಳಗಾಗುವ ಕೂಸಿಗೆ ಪಾತ್ರೆ ಬದಲಿಸಿ ಫಲವಿಲ್ಲ. ಅದರ ಹೃದಯವನ್ನೂ ನುಂಗುವ ಕ್ರಿಯೆಯನ್ನೂ ವೈದ್ಯರು ಪರೀಕ್ಷಿಸಬೇಕು.

ಕಾಯುವ ಕೈ

ಡೌನ್ ಸಿಂಡ್ರೋಮ್ ಇರುವವರ ಆಯುಷ್ಯದ ಏರಿಕೆ ವೈದ್ಯಶಾಸ್ತ್ರದ ದೊಡ್ಡ ಸಾಧನೆಗಳಲ್ಲೊಂದು. ಅಮೆರಿಕದಲ್ಲಿ ಇವರು ಮರಣಹೊಂದುವ ಮಧ್ಯಮ ವಯಸ್ಸು 1983ರಲ್ಲಿ 25 ಇದ್ದದ್ದು 1997ಕ್ಕೆ 49 ಆಯಿತು. ಇಂದು ಮುಂದುವರಿದ ದೇಶಗಳಲ್ಲಿ ಅರುವತ್ತರವರೆಗೆ ಬಾಳುವುದು ಅಪರೂಪವಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುವಷ್ಟು ತೂಕ ಕೂಸಿಗೆ ಬರಬೇಕಾದರೆ ಮೊದಲು ಹಾಲು ಹೊಟ್ಟೆಗೆ ಸೇರಬೇಕು. ಇವರ ಬೆಳವಣಿಗೆಯ ವೇಗವೇ ಬೇರೆಯಾದ್ದರಿಂದ ಅಮೆರಿಕದಲ್ಲಿ 1988ರಲ್ಲಿಯೂ 2015ರಲ್ಲಿಯೂ ಇವರಿಗೆಂದೇ ಎತ್ತರ, ತೂಕಗಳ ಪಟ್ಟಿಗಳನ್ನು ಸಿದ್ಧಪಡಿಸಲಾಯಿತು. ಎಳೆಯ ಮಕ್ಕಳ ತೂಕ ಹಿಂದಿಗಿಂತ ಉತ್ತಮವಾಗಿ ಏರುತ್ತಿರುವುದನ್ನು ಎರಡನೆಯ ಪಟ್ಟಿ ತೋರಿಸಿತು.

ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದಲೇ ಗುರುತಿಸಬೇಕಾದ ದೋಷಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮನ್ನೂ ಸೇರಿಸಿದೆ. ಅಂಥ ಮಕ್ಕಳಿಗೆ ಬೇಗ ನೆರವು ಒದಗಿಸಲು ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳಿರಬೇಕೆಂಬುದು ಅದರ ಯೋಜನೆ. ಹಳ್ಳಿಯ ತಾಯಿಗೆ ಮೊದಲ ವಾರದಲ್ಲೇ ಬೇಕಾಗುವುದು ದೊಡ್ಡ ಯಂತ್ರಗಳಲ್ಲ. ಹಾಲು ಹಿಂಡುವುದು ಹೇಗೆ, ಗಲ್ಲ ಹಿಡಿಯುವುದು ಹೇಗೆ, ಒಳಲೆ ಬಾಗಿಸುವುದು ಹೇಗೆ ಎಂದು ಪಕ್ಕದಲ್ಲಿ ಕುಳಿತು ತೋರಿಸಿಕೊಡುವ ಒಬ್ಬರು. ನಿದ್ದೆಗೆಟ್ಟ ಆಕೆಯ ಕೈಯಿಂದ ಕೂಸನ್ನು ತೆಗೆದುಕೊಂಡು ಮುಂದಿನ ಸರದಿಯ ಹಾಲು ತಾನು ಕುಡಿಸುತ್ತೇನೆ ಎನ್ನುವ ಅತ್ತೆಯೋ ಗಂಡನೋ ಇನ್ನೊಬ್ಬರು.

ಚೀಪಲಾರದ ಕೂಸಿನ ಚರಿತ್ರೆಯಲ್ಲಿ ಪಾತ್ರೆಗಳು ಬದಲಾಗುತ್ತಲೇ ಬಂದಿವೆ. ಕೈ ಬೇಡದ ಸೀಸೆ ಮಕ್ಕಳನ್ನು ಕೊಂದಿತು. ಕೈ ಬೇಕಾದ ಒಳಲೆ ಮತ್ತೆ ಬಂತು. ಹೊಸ ಕಾಲದ ಒಳ್ಳೆಯ ಸೀಸೆಯೂ ತಾಯಿಯ ಬೆರಳಿನ ಒತ್ತನ್ನು ನೆಚ್ಚಿಕೊಂಡೇ ಕೆಲಸ ಮಾಡುತ್ತದೆ. ಚೀಪುವ ಶಕ್ತಿ ತಿಂಗಳುಗಳಲ್ಲಿ ತಾನಾಗಿ ಬರುತ್ತದೆ ಎಂದು ವಿಜ್ಞಾನ ಹೇಳುತ್ತಿದೆ. ಅಲ್ಲಿಯವರೆಗೆ ಕೂಸನ್ನು ಕಾಯುವವರು ಬೇಕು. ಐದೂವರೆ ಸಾವಿರ ವರ್ಷಗಳ ಹಿಂದೆ ಐರ್ಲೆಂಡಿನಲ್ಲಿ ಅಂಥ ಒಬ್ಬಳು ತಾಯಿ ಇದ್ದಳು ಎಂಬುದಕ್ಕೆ ಕೂಸಿನ ಎಲುಬು ಸಾಕ್ಷಿಯಾಗಿದೆ.